ಸಾಹೇಬರ ದೊಡ್ಡ ತೂತಿನ ಡೋನಟ್

ತೂಕದ ಸಾಹೇಬರಿಗೆ ಆದ ಅನ್ಯಾಯವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಇಪ್ಪತ್ತಾರು ವರ್ಷಗಳಿಂದ ಊರಿನ ಅಂಗಡಿ ಅಂಗಡಿ ಹತ್ತಿಳಿದು, ಸುಳ್ಳು ಹೇಳುವ ತಕ್ಕಡಿಗಳನ್ನು ಜಪ್ತಿ ಮಾಡಿ, ನಿಜ ಹೇಳುವ ತಕ್ಕಡಿಗಳಿಗೆ ಇಲಾಖೆಯ ಸೀಸದ ಸೀಲು ಒತ್ತುತ್ತ ಬಂದ ಮನುಷ್ಯ ಅವರು. ಅಂಥವರನ್ನು ಡಾಕ್ಟರ ಕೋಣೆಯ ಮೂಲೆಯಲ್ಲಿದ್ದ ಒಂದು ತೂಕದ ಯಂತ್ರ, ನರ್ಸಮ್ಮನ ಎದುರಿಗೇ, ಎಂಬತ್ತಾರು ಕಿಲೋ ಎಂದುಬಿಟ್ಟಿತು. ಸಾಹೇಬರು ತಕ್ಷಣ ಬಗ್ಗಿ ಯಂತ್ರದ ಸೀಲು ನೋಡಿದರು. ಸೀಲು ಅವರದೇ. ಹೋದ ಮಾರ್ಚಿನಲ್ಲಿ ಕೈಯಾರೆ ಒತ್ತಿದ್ದು. (ಬಗ್ಗಿದಾಗ ಎರಡೂ ಮಂಡಿಗಳು ಕಟಕಟ ಎಂದವು. ತೋರಿಸಲು ಬಂದದ್ದೂ ಅದನ್ನೇ.)

ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಈ ಮಂಡಿಗಳು ಒಬ್ಬರನ್ನು ಹೊರುವುದಕ್ಕೆ ಇರುವಂಥವು, ಒಂದೂಕಾಲು ಜನರನ್ನಲ್ಲ ಎಂದರು. ಮೂರು ತಿಂಗಳಲ್ಲಿ ಎಂಬತ್ತಕ್ಕೆ ಇಳಿದರೆ ಸರಿ, ಇಳಿಯದಿದ್ದರೆ ಬೇರೆ ಡಾಕ್ಟರ ಹತ್ತಿರ ಕಳಿಸುತ್ತೇನೆ, ಅವರ ಹತ್ತಿರ ಗರಗಸ ಇರುತ್ತದೆ ಎಂದರು. ಸಾಹೇಬರಿಗೆ ಗರಗಸದ ಭಯವಾಗಲಿಲ್ಲ. ಅವರಿಗೆ ಭಯವಾದದ್ದು ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿ.

ಹೆಂಡತಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ದಿನವಿಡೀ ಮಾತ್ರೆ ಎಣಿಸುವ ಕೈ. ಆ ಕೈಗೆ ಅಡುಗೆಮನೆ ಸಿಕ್ಕಿದ ಮೇಲೆ ಕೇಳಬೇಕೆ? ಮರುದಿನವೇ ಸಲಾಡಿನ ಮೇಲಿನ ಎಣ್ಣೆಯನ್ನು ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಹಾಕಿದಳು. ಓಟ್ಸಿನ ಡಬ್ಬಿಯ ಮೇಲೆ ‘ಬೆಳಿಗ್ಗೆ ಒಂದು ಸಲ, ಆಹಾರದ ಬದಲಿಗೆ’ ಎಂಬ ಚೀಟಿ ಬಂತು. ಬೆಣ್ಣೆಯ ಡಬ್ಬಿಯ ಮೇಲೆ ‘ಬಾಹ್ಯ ಬಳಕೆಗೆ ಮಾತ್ರ’ ಎಂದು ಬಂತು. ಸಾಹೇಬರು ಇದನ್ನೆಲ್ಲ ಸಹಿಸಿದರು. ಆದರೆ ಹೆಂಡತಿ ಪಟ್ಟಿಯ ಕೊನೆಯ ಸಾಲಿಗೆ ಬಂದು ‘ಡೋನಟ್: ಬಂದ್’ ಎಂದು ಬರೆದಾಗ ಅವರು ಕುರ್ಚಿಯಿಂದ ಎದ್ದು ನಿಂತರು.

ಡೋನಟ್ ಎಂದರೆ ಅವರಿಗೆ ಬರಿಯ ತಿಂಡಿಯಲ್ಲ. ಆಫೀಸು ಮುಗಿಸಿ ಬರುವಾಗ ಮೂಲೆ ಬೇಕರಿಯಲ್ಲಿ ಒಂದು ಬಿಸಿ ಡೋನಟ್ ಕಟ್ಟಿಸಿಕೊಂಡು ಮನೆಗೆ ಬಂದು, ಬೂಟು ಬಿಚ್ಚಿ, ಕಾಲು ಚಾಚಿ, ಮೊದಲು ಬೆರಳಿಗೆ ಅಂಟಿದ ಸಕ್ಕರೆಯನ್ನು ನೆಕ್ಕಿ, ಆಮೇಲೆ ಅದನ್ನು ಗುಂಡಗೆ ತಿರುಗಿಸುತ್ತ ತಿಂದರೆ, ದಿನವಿಡೀ ಅಂಗಡಿಯವರ ಶಾಪ ತಿಂದದ್ದು ಮರೆತುಹೋಗುತ್ತಿತ್ತು. ಜಗತ್ತಿನಲ್ಲಿ ಅವರನ್ನು ನೋಡಿ ಮುಖ ಗಂಟಿಕ್ಕದೆ ಇದ್ದದ್ದು ಅದೊಂದೇ.

ಆದ್ದರಿಂದ ಊಟದ ಮೇಜಿನ ಮೇಲೆ ಸಂಧಾನ ಶುರುವಾಯಿತು. ಹೆಂಡತಿ ವರ್ಷಕ್ಕೊಂದು ಎಂದಳು. ಸಾಹೇಬರು ದಿನಕ್ಕೊಂದು ಎಂದರು. ಮುಕ್ಕಾಲು ಗಂಟೆ ಎಳೆದಾಡಿದ ಮೇಲೆ ಶನಿವಾರಕ್ಕೊಂದು ಎನ್ನುವಲ್ಲಿಗೆ ಬಂದು ನಿಂತಿತು. ಆದರೆ ಹೆಂಡತಿ ಪೆನ್ನು ಕೆಳಗಿಡಲಿಲ್ಲ.

"ಒಂದು ಡೋನಟ್‌ಗೆ ಮುನ್ನೂರು ಕ್ಯಾಲೊರಿ. ನಿಮ್ಮ ಶನಿವಾರದ ಲೆಕ್ಕದಲ್ಲಿ ಉಳಿಯೋದು ನೂರೈವತ್ತು. ಅರ್ಧ ತಿನ್ನಿ."

"ಅರ್ಧ ಡೋನಟ್ ಅಂದ್ರೆ ಅದು ಡೋನಟ್ ಅಲ್ಲ ಕಣೇ, ಬ್ರಾಕೆಟ್ಟು. ನಾನು ಶನಿವಾರ ಸಾಯಂಕಾಲ ಕೂತ್ಕೊಂಡು ಬ್ರಾಕೆಟ್ ತಿನ್ನಲಾ?"

"ಹಾಗಾದ್ರೆ ನೂರೈವತ್ತು ಕ್ಯಾಲೊರಿದು ಒಂದು ಇಡೀ ಡೋನಟ್ ಹುಡುಕ್ಕೊಂಡು ಬನ್ನಿ. ನಂದೇನೂ ತಕರಾರಿಲ್ಲ."

ಸಾಹೇಬರ ತಲೆಯಲ್ಲಿ ಆ ಮಹಾ ಉಪಾಯ ಹೊಳೆದದ್ದು ಅದೇ ಗಳಿಗೆಯಲ್ಲಿ. ಡೋನಟ್ಟಿನಲ್ಲಿ ಕ್ಯಾಲೊರಿ ಎಷ್ಟಾದರೂ ಇರಲಿ, ತೂತಿನಲ್ಲಿ ಎಷ್ಟಿರುತ್ತದೆ? ಸೊನ್ನೆ. ಹಾಗಾದರೆ ತೂತನ್ನು ದೊಡ್ಡದು ಮಾಡಿದರಾಯಿತು. ಸಂಖ್ಯೆ ಒಂದು, ಆಕಾರ ಗುಂಡು, ಕ್ಯಾಲೊರಿ ಅರ್ಧ. ಈ ತತ್ತ್ವ ಇಷ್ಟು ಕಾಲ ಯಾರಿಗೂ ಹೊಳೆಯದೆ ತಮಗೇ ಹೊಳೆದದ್ದಕ್ಕೆ ಅವರಿಗೆ ಒಳಗೊಳಗೇ ಹೆಮ್ಮೆಯಾಯಿತು.

ಒಪ್ಪಂದ ಕಾಗದಕ್ಕೆ ಇಳಿಯಿತು. ಹನ್ನೆರಡು ವಾರ. ಹನ್ನೆರಡನೆಯ ಶನಿವಾರ ಸಾಹೇಬರು ಎಂಬತ್ತಕ್ಕೆ ಇಳಿದಿದ್ದರೆ ಶನಿವಾರದ ಡೋನಟ್ ಅವರ ಜನ್ಮಸಿದ್ಧ ಹಕ್ಕು, ಇನ್ನು ಬದುಕಿರುವವರೆಗೂ ಯಾರೂ ಚಕಾರವೆತ್ತುವಂತಿಲ್ಲ. ಇಳಿಯದಿದ್ದರೆ ಡೋನಟ್ಟಿನ ಹೆಸರೂ ಎತ್ತುವಂತಿಲ್ಲ. ಉಳಿದ ಊಟಕ್ಕೆಲ್ಲ ಅಳತೆ, ತರಕಾರಿ ಸೂಪಿಗೆ ಮಾತ್ರ ಅಳತೆಯಿಲ್ಲ. ಸೂಪಿನಲ್ಲಿರುವುದು ನೀರು ತಾನೆ, ಹಸಿವಾದಾಗೆಲ್ಲ ಎಷ್ಟು ಬೇಕಾದರೂ ಕುಡಿಯಿರಿ ಎಂದು ಹೆಂಡತಿ ಉದಾರವಾಗಿ ಬರೆದುಕೊಟ್ಟಳು. ಆಕೆಗಂತೂ ಸೂಪು ಕಂಡರೆ ಆಗುತ್ತಿರಲಿಲ್ಲ.

ದಿನಾ ಯಂತ್ರದ ಮೇಲೆ ಹತ್ತಿ ಇಳಿದು ತಲೆ ಕೆಡಿಸಿಕೊಳ್ಳುವುದು ಬೇಡ ಎಂದು ಸಾಹೇಬರು ಮನೆಯ ತೂಕದ ಯಂತ್ರಕ್ಕೆ ಶಾಸ್ತ್ರೋಕ್ತವಾಗಿ ಸೀಲು ಮಾಡಿದರು. ತಂತಿ ಸುತ್ತಿ, ತುದಿಗೆ ಸೀಸದ ಗುಂಡು ಸಿಕ್ಕಿಸಿ, ಇಕ್ಕಳದಿಂದ ಒತ್ತಿದರು. ಹೇಗೆ ಮಾಡುವುದೆಂದು ಹೆಂಡತಿಗೂ ತೋರಿಸಿಕೊಟ್ಟರು. ಸೀಲು ಬಿದ್ದ ಮೇಲೆ ಅಧಿಕಾರವಿಲ್ಲದವನು ಅದನ್ನು ಮುಟ್ಟುವುದು ಘೋರ ಅಪರಾಧ, ನಾನು ಇಷ್ಟು ವರ್ಷದಲ್ಲಿ ಒಬ್ಬನನ್ನೂ ಕ್ಷಮಿಸಿಲ್ಲ ಎಂದು ಒಂದು ಭಾಷಣವನ್ನೂ ಬಿಗಿದರು. ಹೆಂಡತಿ ಗಮನವಿಟ್ಟು ಕೇಳಿದಳು.

ಮೊದಲ ಶನಿವಾರ ಸಾಹೇಬರು ಬೇಕರಿಯ ಮೆಟ್ಟಿಲು ಹತ್ತುತ್ತಿದ್ದಂತೆ ಬೇಕರಿಯವನು ಅಭ್ಯಾಸಬಲದಿಂದ ತಕ್ಕಡಿ ಒರೆಸತೊಡಗಿದ. ಅವನಿಗೆ ಸಾಹೇಬರೆಂದರೆ ಎದೆ ಢವಢವ. ಯಾವ ಅಂಗಡಿಯಲ್ಲೂ ಒಂದು ಲೋಟ ನೀರನ್ನೂ ಬಿಟ್ಟಿಯಾಗಿ ಮುಟ್ಟದ ಅಧಿಕಾರಿ, ತಿನ್ನುವ ಡೋನಟ್ಟಿಗೆ ಚಿಲ್ಲರೆ ಎಣಿಸಿಕೊಟ್ಟು, ತಿನ್ನುವುದಕ್ಕೆ ಮುಂಚೆ ಅದನ್ನು ತೂಗಿ ನೋಡುವ ಅಧಿಕಾರಿ. ಇಂಥವರು ತೂತು ದೊಡ್ಡದು ಮಾಡು ಎಂದಾಗ ಅವನು ಕಂಗಾಲಾದ.

"ಸಾಹೇಬ್ರೇ, ಬೋರ್ಡ್ ಮೇಲೆ ಎಪ್ಪತ್ತು ಗ್ರಾಂ ಅಂತ ಬರೆದಿದ್ದೀನಿ. ತೂತು ದೊಡ್ಡದಾದ್ರೆ ತೂಕ ಕಮ್ಮಿ ಬರತ್ತೆ. ನಾಳೆ ನೀವೇ ಬಂದು ನನ್ನ ಮೇಲೆ ಕೇಸ್ ಹಾಕಿದ್ರೆ?"

ಪ್ರಶ್ನೆ ಕಾನೂನಿನದು. ಸಾಹೇಬರ ಬೆನ್ನು ನೆಟ್ಟಗಾಯಿತು. ತಮಗಾಗಿ ನಿಯಮ ಸಡಿಲಿಸುವುದೇ? ಎಂದಿಗೂ ಇಲ್ಲ. ಬೇಕರಿಯ ತಪಾಸಣೆಯ ಪುಸ್ತಕ ತರಿಸಿ, ಅಂಗಡಿಯಲ್ಲಿದ್ದ ಏಳೆಂಟು ಗಿರಾಕಿಗಳ ಎದುರಿಗೆ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು. ತೂತಿನ ಗಾತ್ರ ಗಿರಾಕಿಯ ಇಷ್ಟ. ಆದರೆ ಹೊರಗೆ ಹೋಗುವ ಮಾಲು ಬೋರ್ಡಿನ ತೂಕಕ್ಕಿಂತ ಒಂದು ಗ್ರಾಮೂ ಕಡಿಮೆಯಾಗಕೂಡದು. ತೂತಿನಿಂದ ಹೊರಬಂದ ನಡುಭಾಗವನ್ನು ಕೊಸರಾಗಿ ತಪ್ಪದೆ ಒಪ್ಪಿಸತಕ್ಕದ್ದು. ಅಂಗಡಿಯಲ್ಲಿ ಉಳಿಸಿಕೊಂಡದ್ದು ಕಂಡುಬಂದಲ್ಲಿ ಕ್ರಮ ಜರುಗಿಸಲಾಗುವುದು. ಕೆಳಗೆ ಸಹಿ, ಸಹಿಯ ಮೇಲೆ ಮೊಹರು.

ಅಷ್ಟು ಬರೆದು, ಆವತ್ತಿನ ನಡುಭಾಗವನ್ನು ಅಲ್ಲೇ ನಿಂತಿದ್ದ ಸಂಗೀತದ ಮೇಷ್ಟ್ರಿಗೆ ಕೊಟ್ಟು, ಸಾಹೇಬರು ತಮ್ಮ ಡೋನಟ್ ಹಿಡಿದು ಮನೆಗೆ ನಡೆದರು. ಮೊದಲೆಲ್ಲ ತೂತಿನಲ್ಲಿ ಹೆಬ್ಬೆರಳು ತೂರುತ್ತಿತ್ತು, ಈಗ ಮುಷ್ಟಿಯೇ ತೂರುವಂತಿತ್ತು. ಬಳೆ ಅಂಗಡಿಯಲ್ಲಿಟ್ಟಿದ್ದರೆ ಯಾರಾದರೂ ತೊಟ್ಟುಕೊಂಡು ನೋಡುತ್ತಿದ್ದರು. ಹೆಂಡತಿ ತೂಗಿದಳು. ಮೂವತ್ತೈದು ಗ್ರಾಂ, ನೂರೈವತ್ತು ಕ್ಯಾಲೊರಿ. ಆಕೆ ಮಾತಿಗೆ ತಪ್ಪುವವಳಲ್ಲ, ತಿನ್ನಿ ಎಂದಳು. ಸಾಹೇಬರು ತಿಂದರು. ನಾಲ್ಕು ಕಚ್ಚಿಗೆ ಮುಗಿಯಿತು, ಆದರೆ ಗೆಲುವಿನ ರುಚಿ ರಾತ್ರಿಯ ಸಲಾಡಿನವರೆಗೂ ನಾಲಿಗೆಯ ಮೇಲಿತ್ತು.

ಮುಂದಿನದು ಸಾಹೇಬರ ಲೆಕ್ಕದಲ್ಲಿ ಇರಲಿಲ್ಲ. ಸಂಗೀತದ ಮೇಷ್ಟ್ರು ಅವರಿವರಿಗೆ ಹೇಳಿದರು. ವ್ಯಾಯಾಮಶಾಲೆಯ ಯಜಮಾನ ತನ್ನ ಶಿಷ್ಯರಿಗೆಲ್ಲ ಹೇಳಿದ. ಎರಡನೆಯ ಶನಿವಾರಕ್ಕೆ ಬೇಕರಿಯ ಮುಂದೆ, ಹೊಟ್ಟೆಯ ಚಿಂತೆ ಹತ್ತಿದವರ ಸಾಲು ನಿಂತಿತು. ಎಲ್ಲರಿಗೂ ಬೇಕಾದದ್ದು ‘ಸಾಹೇಬರ ಡೋನಟ್’. ಬೇಕರಿಯವನು ಇಷ್ಟು ದಿನ ತೂತು ಒತ್ತುತ್ತಿದ್ದ ಬಾಟಲಿಯ ಮುಚ್ಚಳ ಬಿಸಾಡಿ ಲೋಟ ಹಿಡಿದು ತೂತು ತೆಗೆಯಲು ಕೂತ. ನಡುಭಾಗವನ್ನೂ ತಗೊಳ್ಳಿ, ಕಾನೂನಿದೆ ಎಂದು ಅವನು ಗೋಗರೆದರೆ ಒಬ್ಬರೂ ಮುಟ್ಟಲಿಲ್ಲ. ಬಿಟ್ಟುಹೋಗಲಿ ಎಂದೇ ತಾನೆ ದೊಡ್ಡ ತೂತು ಕೇಳಿದ್ದು? ಯಾರು ಕಾನೂನು ಮಾಡಿದರೋ ಅವರಿಗೇ ಒಪ್ಪಿಸಪ್ಪ ಎಂದು ಹೇಳಿ ನಡೆದರು.

ಆ ದಿನ ಬೇಕರಿಯಲ್ಲಿ ಅರವತ್ತು ನಡುಭಾಗಗಳು ಉಳಿದವು. ಅಂಗಡಿಯಲ್ಲಿಟ್ಟರೆ ಕ್ರಮ ಜರುಗುತ್ತದೆ. ಬಿಸಾಡಿದರೆ ಒಪ್ಪಿಸಿದ್ದಕ್ಕೆ ಸಾಕ್ಷಿ ಇಲ್ಲ. ಬೇಕರಿಯವನು ಬೆವರು ಒರೆಸಿಕೊಂಡು, ಎಲ್ಲವನ್ನೂ ಬುಟ್ಟಿಗೆ ತುಂಬಿ, ಎಣಿಸಿ, ಮಧ್ಯಾಹ್ನ ಮೂರು ಗಂಟೆಗೆ ಸಾಹೇಬರ ಮನೆಯ ಬಾಗಿಲು ತಟ್ಟಿದ. ಸಾಹೇಬರು ಆಫೀಸಿನಲ್ಲಿ, ಹೆಂಡತಿ ಔಷಧಿ ಅಂಗಡಿಯಲ್ಲಿ. ಬಾಗಿಲು ತೆಗೆದದ್ದು ಹೆಂಡತಿಯ ತಾಯಿ, ಅಂದರೆ ಸಾಹೇಬರ ಅತ್ತೆ. ಮಗಳ ಮನೆಯಲ್ಲೇ ಇರುವ, ಅಳಿಯನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿರುವ ಮುದುಕಿ. ಬುಟ್ಟಿ ಏನು ಎಂದು ಕೇಳಿದ್ದಕ್ಕೆ ಬೇಕರಿಯವನು, ಸಾಹೇಬರ ಆರ್ಡರ್ ಪ್ರಕಾರ ತಂದಿದ್ದೇನೆ ಎಂದ. ಅತ್ತೆ ಸಹಿ ಮಾಡಿ ತೆಗೆದುಕೊಂಡರು.

ಇಷ್ಟೆಲ್ಲ ಯಾಕೆ ತರಿಸಿದರು ಎಂದು ಅತ್ತೆಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಏಕೆಂದರೆ ಆ ದಿನ ಬೆಳಿಗ್ಗೆ ತಾನೆ ಅಳಿಯಂದಿರು ಮೆಲ್ಲಗೆ ಹತ್ತಿರ ಬಂದು, ಸೂಪು ತೀರಾ ನೀರು ನೀರಾಗಿದೆ, ಸ್ವಲ್ಪ ಗಟ್ಟಿ ಬರುವ ಹಾಗೆ ಏನಾದರೂ ಮಾಡಿ ಎಂದು ಬೇಡಿಕೊಂಡಿದ್ದರು. ಪಾಪ, ಬೇಕಾದ ಸಾಮಾನನ್ನೂ ತಾವೇ ಕಳಿಸಿದ್ದಾರೆ ಎಂದುಕೊಂಡ ಅತ್ತೆ, ಅವನ್ನೆಲ್ಲ ಒಲೆಯಲ್ಲಿ ಗರಿಗರಿಯಾಗಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ದೊಡ್ಡ ಡಬ್ಬಿಗೆ ತುಂಬಿದರು.

ಆವತ್ತಿನಿಂದ ಸೂಪಿನ ಸ್ವರೂಪವೇ ಬದಲಾಯಿತು. ಚಮಚ ನಿಲ್ಲಿಸಿದರೆ ನಿಲ್ಲುತ್ತಿತ್ತು. ಒಂದು ಹದವಾದ ಸಿಹಿ, ಕೊನೆಯಲ್ಲೆಲ್ಲೋ ಬೆಣ್ಣೆಯ ನೆನಪು. ಕ್ಯಾರೆಟ್ಟಿನಲ್ಲಿ ಇಷ್ಟು ರುಚಿ ಇರುವುದು ತಮಗೆ ಈವರೆಗೆ ಗೊತ್ತೇ ಇರಲಿಲ್ಲವಲ್ಲ ಎಂದು ಸಾಹೇಬರು ಆಶ್ಚರ್ಯಪಟ್ಟರು. ಒಂದು ಬಟ್ಟಲು ಎರಡಾಯಿತು, ಎರಡು ಮೂರಾಯಿತು, ಆಫೀಸಿಗೂ ಫ್ಲಾಸ್ಕಿನಲ್ಲಿ ಹೋಗತೊಡಗಿತು. ಹೆಂಡತಿ ಸಂಜೆ ಬಂದು ಅವರು ಸೂಪು ಹೀರುವುದನ್ನು ನೋಡಿ, ಕಡೆಗೂ ದಾರಿಗೆ ಬಂದರು ಎಂದು ಸಮಾಧಾನಪಟ್ಟುಕೊಂಡಳು. ಅತ್ತೆ ಬಡಿಸುತ್ತ ಕಣ್ಣು ಒರೆಸಿಕೊಂಡರು, ತಮ್ಮ ಕೈಯಡುಗೆಯನ್ನು ಈ ಮನೆಯಲ್ಲಿ ಹೀಗೆ ಯಾರೂ ಹೊಗಳಿರಲಿಲ್ಲ.

ಒಂದು ಸಲ ಸಾಹೇಬರು ಬೇಕರಿಯವನನ್ನು ಗದರಿಸಿ ಕೇಳಿದ್ದೂ ಉಂಟು, ನಡುಭಾಗಗಳನ್ನು ಸರಿಯಾಗಿ ಒಪ್ಪಿಸುತ್ತಿದ್ದೀಯಾ ಎಂದು. ಒಂದೂ ಬಿಡದೆ ಒಪ್ಪಿಸುತ್ತಿದ್ದೇನೆ ಸಾಹೇಬರೇ, ಸಹಿ ಇದೆ ಎಂದು ಅವನು ಕೈಮುಗಿದ. ಪ್ರಾಮಾಣಿಕ ಮನುಷ್ಯ ಎಂದು ಸಾಹೇಬರು ಮೆಚ್ಚಿಕೊಂಡರು.

ಆರನೆಯ ವಾರ ಪ್ಯಾಂಟಿನ ಗುಂಡಿ ಹಾಕುವಾಗ ಉಸಿರು ಹಿಡಿಯಬೇಕಾಯಿತು. ಹೊಸ ಸಾಬೂನಿನಿಂದ ಬಟ್ಟೆ ಕುಗ್ಗುತ್ತಿದೆ ಎಂದು ಸಾಹೇಬರು ಇಸ್ತ್ರಿಯವನಿಗೆ ಬೈದರು. ಎಂಟನೆಯ ವಾರ ಬೆಲ್ಟಿನ ಕೊನೆಯ ತೂತೂ ಸಾಲದೆ, ಮೊಳೆ ಬಡಿದು ಇನ್ನೊಂದು ತೂತು ಮಾಡಿಕೊಂಡರು. ಚರ್ಮವೂ ಹಳೆಯದಾದರೆ ಗಿಡ್ಡವಾಗುತ್ತದೆ ಎನ್ನುವುದು ಅವರ ಸಿದ್ಧಾಂತ. ಹತ್ತನೆಯ ವಾರ ಮಂಡಿಗಳು ಮೆಟ್ಟಿಲ ಮೇಲೆ ಮಾತಾಡತೊಡಗಿದವು. ಕೊಬ್ಬು ಕರಗಿ ಮೂಳೆಗಳು ಸಡಿಲವಾಗಿವೆ, ಅದಕ್ಕೇ ಸದ್ದು ಎಂದು ಹೆಂಡತಿಗೆ ವಿವರಿಸಿದರು. ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು. ಸೀಲು ಒಡೆಯುವ ದಿನ ದೂರವಿರಲಿಲ್ಲ, ಹೋಗಿ ಕ್ಯಾಲೆಂಡರಿನಲ್ಲಿ ಅದಕ್ಕೆ ಗುಂಡು ಸುತ್ತಿದಳು.

ಹನ್ನೆರಡನೆಯ ಶನಿವಾರ ಹೆಂಡತಿ ರಜೆ ಹಾಕಿದಳು. ಸಾಹೇಬರೂ ಅರ್ಧ ದಿನ ರಜೆ ಹಾಕಿ, ವಿಜಯದ ಡೋನಟ್ಟನ್ನು ನೇರ ಮನೆಗೇ ತಲುಪಿಸಲು ಬೇಕರಿಯವನಿಗೆ ಹೇಳಿ ಬಂದಿದ್ದರು. ಜೇಬಿನಿಂದ ಬೀಗದ ಕೈ, ಕರವಸ್ತ್ರ, ಪೆನ್ನು ಎಲ್ಲ ತೆಗೆದಿಟ್ಟು, ಇಕ್ಕಳದಿಂದ ಸೀಲು ಕತ್ತರಿಸಿ, ಇನ್ನು ಮುಂದಿನ ಜೀವನದ ಶನಿವಾರಗಳನ್ನೆಲ್ಲ ಕಣ್ಣ ಮುಂದೆ ತಂದುಕೊಳ್ಳುತ್ತ ಯಂತ್ರದ ಮೇಲೆ ಹತ್ತಿದರು. ಮುಳ್ಳು ಎಂಬತ್ತನ್ನು ದಾಟಿತು. ಎಂಬತ್ತಾರನ್ನೂ ದಾಟಿತು. ತೊಂಬತ್ತೊಂದಕ್ಕೆ ಬಂದು, ಸ್ವಲ್ಪ ನಡುಗಿ, ನಿಂತಿತು.

ಯಂತ್ರ ಕೆಟ್ಟಿದೆ ಎಂದರು ಸಾಹೇಬರು. ಹೆಂಡತಿ, ಪರೀಕ್ಷೆ ಮಾಡಿ, ನಿಮ್ಮದೇ ಕೆಲಸ ತಾನೆ ಎಂದಳು. ಸಾಹೇಬರು ಆಟೋದಲ್ಲಿ ಆಫೀಸಿಗೆ ಹೋಗಿ, ಇಲಾಖೆಯ ಪ್ರಮಾಣದ ತೂಕದ ಬಟ್ಟುಗಳನ್ನು, ಇಪ್ಪತ್ತು ಕಿಲೋದವು ನಾಲ್ಕು, ಹತ್ತರದು ಒಂದು, ತಂದು, ಒಂದೊಂದಾಗಿ ಎರಡನೆಯ ಮಹಡಿಯ ಮನೆಗೆ ಹೊತ್ತರು. (ಹನ್ನೆರಡು ವಾರಗಳಲ್ಲಿ ಅವರು ಮಾಡಿದ ವ್ಯಾಯಾಮ ಇದೊಂದೇ.) ಎಲ್ಲವನ್ನೂ ಯಂತ್ರದ ಮೇಲೆ ಪೇರಿಸಿದರು. ಯಂತ್ರ ತೊಂಬತ್ತು ಎಂದಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಒಂದು ತಕ್ಕಡಿ ಸರಿಯಾಗಿದೆ ಎಂದು ಸಾಹೇಬರಿಗೆ ದುಃಖವಾದದ್ದು ನೌಕರಿಗೆ ಸೇರಿದಂದಿನಿಂದ ಇದೇ ಮೊದಲು.

ಬಾಗಿಲು ತಟ್ಟಿದ ಸದ್ದಾಯಿತು. ಬೇಕರಿಯವನು ನಿಂತಿದ್ದ. ಒಂದು ಕೈಯಲ್ಲಿ ಸಾಹೇಬರ ಡೋನಟ್ಟಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ತುಂಬಿ ತುಳುಕುವ ಬುಟ್ಟಿ. ಅತ್ತೆ ಒಳಗಿಂದ ಸೆರಗಿಗೆ ಕೈ ಒರೆಸುತ್ತ ಬಂದು, ಏನಪ್ಪಾ ಇವತ್ತು ಅರ್ಧ ಗಂಟೆ ತಡ, ಡಬ್ಬಿ ಖಾಲಿಯಾಗಿ ಸೂಪಿಗೇ ಹಾಕಲು ಇರಲಿಲ್ಲ ಎಂದು ಬುಟ್ಟಿಗೆ ಕೈ ಚಾಚಿದರು. ಹೆಂಡತಿ ತಾಯಿಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಆಮೇಲೆ ಗಂಡನ ಬೆಲ್ಟನ್ನು ನೋಡಿದಳು.

ಸಾಹೇಬರು ಬೆಂಕಿಯಾದರು. ಅಂಗಡಿಯವರ ಕೈಯಿಂದ ನೀರು ಮುಟ್ಟದವರು ಹತ್ತು ವಾರದಿಂದ ಊರಿನ ಅರವತ್ತು ಜನ ಬೇಡವೆಂದ ಡೋನಟ್ಟನ್ನು ಕುಡಿದಿದ್ದಾರೆ, ಅದೂ ಬಿಟ್ಟಿಯಾಗಿ. ಇಪ್ಪತ್ತಾರು ವರ್ಷದ ಹೆಸರು ಸೂಪಿನಲ್ಲಿ ಮುಳುಗಿತು. "ಇದನ್ನ ನನ್ನ ಮನೆಗೆ ತರೋಕೆ ನಿನಗೆ ಯಾರಯ್ಯ ಹೇಳಿದ್ದು?" ಎಂದು ಗುಡುಗಿದರು.

ಬೇಕರಿಯವನು ಕಂಕುಳಿನಿಂದ ತಪಾಸಣೆಯ ಪುಸ್ತಕ ತೆಗೆದು, ಆ ಪುಟ ಬಿಡಿಸಿ ಹೆಂಡತಿಯ ಕೈಗೆ ಕೊಟ್ಟ. ಹೆಂಡತಿ ಗಟ್ಟಿಯಾಗಿ ಓದಿದಳು. ತಪ್ಪದೆ ಒಪ್ಪಿಸತಕ್ಕದ್ದು. ಉಳಿಸಿಕೊಂಡದ್ದು ಕಂಡುಬಂದಲ್ಲಿ ಕ್ರಮ. ಅಕ್ಷರ ಮುತ್ತಿನಂತಿತ್ತು. ಸಹಿಯ ಮೇಲೆ ಮೊಹರು ಚೆನ್ನಾಗಿ ಬಿದ್ದಿತ್ತು.

ಹೆಂಡತಿ ಕೂತು ಐದು ನಿಮಿಷ ಲೆಕ್ಕ ಹಾಕಿದಳು. ಆಮೇಲೆ ಪೆನ್ನು ಮುಚ್ಚಿದಳು.

"ರೀ, ನೀವು ಉಳಿಸಿದ್ದು ವಾರಕ್ಕೆ ನೂರೈವತ್ತು. ಕುಡಿದಿದ್ದು ವಾರಕ್ಕೆ ಒಂಬತ್ತು ಸಾವಿರ. ಸುಮ್ಮನೆ ಮೊದಲಿನ ಸಣ್ಣ ತೂತಿನದನ್ನೇ ಶನಿವಾರ ಶನಿವಾರ ಒಂದು ಪೂರ್ತಿ ತಿಂದಿದ್ರೂ ಇಷ್ಟು ಹೊತ್ತಿಗೆ ಎಂಬತ್ತಕ್ಕೆ ಬಂದಿರ್ತಿದ್ರಿ."

ಸಾಹೇಬರು ಆ ಲೆಕ್ಕವನ್ನು ಎರಡು ಸಲ ಕೂಡಿ ನೋಡಿದರು, ಸರಿಯಾಗಿಯೇ ಇತ್ತು. ಆದರೂ ಆಸೆ ಕೇಳಬೇಕಲ್ಲ. ಒಪ್ಪಂದ ಮುರಿದದ್ದು ಸೂಪು, ಡೋನಟ್ಟಿನದು ಇದರಲ್ಲಿ ಏನೂ ತಪ್ಪಿಲ್ಲ, ಅದನ್ನು ಶಿಕ್ಷಿಸುವುದು ನ್ಯಾಯವಲ್ಲ ಎಂದು ವಾದ ಹೂಡಿದರು. ಅತ್ತೆಯೂ ಅಳಿಯನ ಪರವಾಗಿ ಮೂಗು ಸೊರ್ರೆನ್ನಿಸಿದರು. ಹೆಂಡತಿ, ನ್ಯಾಯವಾದ ಮಾತು ಎಂದಳು. ಹಕ್ಕು ಪೂರ್ತಿ ರದ್ದು ಮಾಡುವುದಿಲ್ಲ, ಎಂಬತ್ತಕ್ಕೆ ಇಳಿದ ದಿನ ಈ ಡೋನಟ್ಟನ್ನೇ ತಿನ್ನಿ ಎಂದು ಹೇಳಿ ಪೊಟ್ಟಣ ಬಿಚ್ಚಿದಳು. ಸಾಹೇಬರ ಇಕ್ಕಳ ತೆಗೆದುಕೊಂಡಳು. ಅವರೇ ಕಲಿಸಿದ ಹಾಗೆ ತಂತಿಯನ್ನು ಡೋನಟ್ಟಿನೊಳಗಿಂದ ಹಾಯಿಸಿ, ಅಡುಗೆಮನೆಯ ಬಾಗಿಲ ಕೊಕ್ಕೆಗೆ ಸುತ್ತಿ, ಸೀಸದ ಗುಂಡು ಸಿಕ್ಕಿಸಿ, ಗಟ್ಟಿಯಾಗಿ ಒತ್ತಿದಳು. ತೂತು ಅಷ್ಟು ದೊಡ್ಡದಿದ್ದದ್ದರಿಂದ ತಂತಿ ಹಾಯಿಸುವುದು ಬಹಳ ಸುಲಭವಾಯಿತು.

ಕೈಗೆಟುಕುವಷ್ಟು ಎತ್ತರದಲ್ಲೇ ಅದು ತೂಗಾಡುತ್ತಿದೆ. ಆದರೆ ಅದರ ಮೇಲೆ ಇಲಾಖೆಯ ಸೀಲಿದೆ, ಸೀಲು ಒಡೆದವನನ್ನು ಸಾಹೇಬರು ಇವತ್ತಿನವರೆಗೆ ಕ್ಷಮಿಸಿದ್ದಿಲ್ಲ. ಈಗ ಸೂಪು ನೀರು ನೀರಾಗಿದೆ. ಶನಿವಾರ ಶನಿವಾರ ಹೆಂಡತಿ ಸಾಹೇಬರನ್ನು ಯಂತ್ರದ ಮೇಲೆ ನಿಲ್ಲಿಸುತ್ತಾಳೆ, ಆಮೇಲೆ ಮಾತ್ರೆ ತೂಗುವ ಪುಟ್ಟ ತಕ್ಕಡಿಯನ್ನು ಡೋನಟ್ಟಿನ ಕೆಳಗೆ ಹಿಡಿದು ಅದನ್ನೂ ತೂಗುತ್ತಾಳೆ. ಸಾಹೇಬರದು ಮೊದಲ ವಾರ ತೊಂಬತ್ತೊಂದು, ಎರಡನೆಯ ವಾರ ತೊಂಬತ್ತೊಂದು, ಮೂರನೆಯ ವಾರ ತೊಂಬತ್ತೊಂದೂಕಾಲು. ಡೋನಟ್ ಮಾತ್ರ ಒಣಗಿ ಒಣಗಿ ಮೂವತ್ತೈದು ಗ್ರಾಮಿನಿಂದ ಮೂವತ್ತೊಂದಕ್ಕೆ ಬಂದು, ಈಗ ಇಪ್ಪತ್ತೆಂಟಕ್ಕೆ ಇಳಿದಿದೆ. ಆ ಮನೆಯಲ್ಲಿ ವಾರ ವಾರವೂ ತಪ್ಪದೆ ತೂಕ ಇಳಿಸಿಕೊಳ್ಳುತ್ತಿರುವುದು ಸದ್ಯಕ್ಕೆ ಅದೊಂದೇ.